ಹಾಜರಿ ಪುಸ್ತಕ ಯಾರ ಕಪಾಟಿನಲ್ಲಿ: ಕೆಲಸ ಹೋದವರ ಪರಿಹಾರ ಮತ್ತು ಮಾಲೀಕರ ತಕರಾರು

ಕೆಲಸ ಕಳೆದುಕೊಂಡ ನೌಕರನು ಕೇಳುವ ನಿರುದ್ಯೋಗ ಭತ್ಯೆಗೆ ಅವನ ಹಳೆಯ ಮಾಲೀಕನೇ ಅಡ್ಡ ನಿಂತು ‘ಇವನಿಗೆ ಅದು ಸಲ್ಲದು’ ಎಂದು ತಕರಾರು ಸಲ್ಲಿಸುವ ಪದ್ಧತಿ ಮುಖ್ಯವಾಗಿ ಅಮೆರಿಕದ ಸಂಯುಕ್ತ ಸಂಸ್ಥಾನದಲ್ಲಿ ಬೆಳೆದದ್ದು. ಅದರ ಕಾರಣವನ್ನು ಅಲ್ಲಿಯ ಮಾಲೀಕರ ಸ್ವಭಾವದಲ್ಲಿ ಹುಡುಕುವುದಕ್ಕಿಂತ ಅಲ್ಲಿಯ ತೆರಿಗೆಯ ಲೆಕ್ಕದಲ್ಲಿ ಹುಡುಕುವುದು ಸರಿ. ವಿಸ್ಕಾನ್ಸಿನ್ ರಾಜ್ಯವು 1932ರಲ್ಲಿ ಆ ದೇಶದ ಮೊದಲ ನಿರುದ್ಯೋಗ ವಿಮಾ ಕಾನೂನನ್ನು ಮಾಡಿದಾಗ, ಕೆಲಸದವರನ್ನು ಪದೇ ಪದೇ ಬಿಡಿಸುವ ಮಾಲೀಕನು ಹೆಚ್ಚು ತೆರಬೇಕು, ಉಳಿಸಿಕೊಂಡವನು ಕಡಿಮೆ ತೆರಬೇಕು ಎಂಬ ತತ್ತ್ವವನ್ನು ಅದರಲ್ಲಿ ಅಳವಡಿಸಿತು. 1935ರ ಸಾಮಾಜಿಕ ಭದ್ರತಾ ಕಾಯ್ದೆಯ ಬಳಿಕ ಆ ತತ್ತ್ವ ಉಳಿದ ರಾಜ್ಯಗಳಿಗೂ ಹಬ್ಬಿತು. ಮಾಜಿ ನೌಕರನಿಗೆ ಸಂದಾಯವಾದ ಭತ್ಯೆ ಮಾಲೀಕನ ಲೆಕ್ಕಕ್ಕೆ ಖರ್ಚು ಬಿದ್ದು ಅವನ ಮುಂದಿನ ವರ್ಷಗಳ ತೆರಿಗೆಯ ದರವನ್ನು ಏರಿಸುವುದರಿಂದ, ಬಂದ ಅರ್ಜಿಯನ್ನೆಲ್ಲ ಎದುರಿಸುವುದು ಲಾಭದ ಕೆಲಸವಾಯಿತು, ಮಾಲೀಕರ ಪರವಾಗಿ ತಕರಾರು ಹಾಕುವುದನ್ನೇ ಕಸುಬು ಮಾಡಿಕೊಂಡ ಸಂಸ್ಥೆಗಳೂ ಹುಟ್ಟಿಕೊಂಡವು. ವಾದ ಹೆಚ್ಚಾಗಿ ಕೆಲಸ ಹೋದದ್ದು ಯಾಕೆ ಎಂಬುದರ ಸುತ್ತ ನಡೆಯುತ್ತದೆ: ನೌಕರ ತಾನಾಗಿ ಬಿಟ್ಟನೇ, ದುರ್ನಡತೆಗಾಗಿ ತೆಗೆಯಲ್ಪಟ್ಟನೇ? ಸಣ್ಣಪುಟ್ಟ ಅಜಾಗರೂಕತೆಯನ್ನು ದುರ್ನಡತೆ ಎನ್ನಲಾಗದು, ಮಾಲೀಕನ ಹಿತವನ್ನು ಬೇಕೆಂದೇ ಧಿಕ್ಕರಿಸಿದ ನಡತೆ ಮಾತ್ರ ಆ ಹೆಸರಿಗೆ ತಕ್ಕದ್ದು ಎಂದು ವಿಸ್ಕಾನ್ಸಿನ್ನಿನ ನ್ಯಾಯಾಲಯ 1941ರ ಬಾಯ್ನ್‌ಟನ್ ಕ್ಯಾಬ್ ಪ್ರಕರಣದಲ್ಲಿ ಹೇಳಿದ ಮಾತು ಇಂದಿಗೂ ಅಲ್ಲಿ ಅಳತೆಗೋಲಾಗಿದೆ.

ಈ ಚಿತ್ರವನ್ನು ಹಾಗೆಯೇ ಎತ್ತಿ ಭಾರತಕ್ಕೆ, ಅದರಲ್ಲೂ ದಕ್ಷಿಣ ಕನ್ನಡದ ಪುತ್ತೂರು, ಸುಳ್ಯ, ಕಡಬದಂಥ ತಾಲೂಕುಗಳಿಗೆ ಅಂಟಿಸಿದರೆ ಏನೂ ಕಾಣಿಸದು. ಇಲ್ಲಿ ಅಂಥ ತೆರಿಗೆ ಇಲ್ಲ, ಅಂಥ ಭತ್ಯೆಯೂ ಹೆಸರಿಗಷ್ಟೇ ಇದೆ. ಆದರೂ ಕೆಲಸ ಹೋದವರ ಹಣಕ್ಕೆ ಮಾಲೀಕರ ತಕರಾರು ಇಲ್ಲಿಯೂ ಇದೆ, ಮತ್ತು ಅದು ಬೇರೆಯದೇ ಸ್ವರೂಪದ್ದು. ಅಮೆರಿಕದ ಮಾಲೀಕ ‘ಇವನನ್ನು ನಾನು ಯಾಕೆ ತೆಗೆದೆ’ ಎಂಬುದರ ಮೇಲೆ ಜಗಳವಾಡಿದರೆ, ಇಲ್ಲಿಯ ಮಾಲೀಕ ‘ಇವನು ನನ್ನಲ್ಲಿ ಕೆಲಸಕ್ಕಿದ್ದನೇ’ ಎಂಬ ಪ್ರಶ್ನೆಗೇ ಜಗಳವನ್ನು ಹಿಂದಕ್ಕೊಯ್ಯುತ್ತಾನೆ. ಅದಕ್ಕೆ ಅವನು ಬಾಯಿ ತೆರೆಯಬೇಕಾಗಿಯೂ ಇಲ್ಲ, ಪುಸ್ತಕ ತೆರೆಯದಿದ್ದರೆ ಸಾಕು. ದುಡಿಮೆಗೆ ಸಾಕ್ಷಿಯಾದ ದಾಖಲೆ ದುಡಿದವನ ಕೈಯಲ್ಲಿರದೆ ದುಡಿಸಿಕೊಂಡವನ ಕಪಾಟಿನಲ್ಲಿರುವುದು ಈ ಪ್ರದೇಶದ ಬೀಡಿ, ರಬ್ಬರ್, ಅಡಿಕೆ ಮೂರೂ ಉದ್ಯೋಗಗಳಲ್ಲಿ ಬೇರೆ ಬೇರೆ ವೇಷದಲ್ಲಿ ಕಾಣಿಸುವ ಒಂದೇ ಸಂಗತಿ.

ಸ್ವಾತಂತ್ರ್ಯಕ್ಕೆ ಮುಂಚೆ, 1944ರಲ್ಲಿ, ಬಿ.ಪಿ. ಅದಾರಕರ್ ಅವರು ಕೈಗಾರಿಕಾ ಕಾರ್ಮಿಕರಿಗಾಗಿ ಸಿದ್ಧಪಡಿಸಿದ ಆರೋಗ್ಯ ವಿಮಾ ವರದಿಯಿಂದ 1948ರ ನೌಕರರ ರಾಜ್ಯ ವಿಮಾ ಕಾಯ್ದೆ, ಎಂದರೆ ಜನರ ಬಾಯಲ್ಲಿರುವ ಇಎಸ್‌ಐ, ಮೂಡಿಬಂತು. ಅದು ಕಾಯಿಲೆ, ಹೆರಿಗೆ, ಕೆಲಸದ ವೇಳೆಯ ಗಾಯಗಳನ್ನು ಒಳಗೊಂಡಿತೇ ಹೊರತು ನಿರುದ್ಯೋಗವನ್ನಲ್ಲ. ಆ ಖಾಲಿ ಜಾಗವನ್ನು ತುಂಬಲು ಬೇರೆ ಬೇರೆ ಕಾಲದಲ್ಲಿ ಬಂದ ತೇಪೆಗಳೇ ಇಂದಿನ ವ್ಯವಸ್ಥೆ. ಕಚೇರಿಗಳಲ್ಲಿ ರಿಟ್ರೆಂಚ್‌ಮೆಂಟ್ ಎಂದು ಕರೆಯುವ ಕೆಲಸ ಕಡಿತಕ್ಕೆ ಒಂದು ತಿಂಗಳ ನೋಟಿಸು ಮತ್ತು ಸೇವೆಯ ಪ್ರತಿ ವರ್ಷಕ್ಕೆ 15 ದಿನಗಳ ಸಂಬಳವನ್ನು ಪರಿಹಾರವಾಗಿ ಕೊಡಬೇಕೆಂದು ಕೈಗಾರಿಕಾ ವಿವಾದ ಕಾಯ್ದೆಗೆ 1953ರಲ್ಲಿ ತಂದ ತಿದ್ದುಪಡಿ ಹೇಳಿತು. 1972ರ ಗ್ರಾಚ್ಯುಟಿ ಕಾಯ್ದೆ ಐದು ವರ್ಷ ದುಡಿದವರಿಗೆ ಕೆಲಸ ಬಿಡುವಾಗ ಒಂದು ಇಡುಗಂಟನ್ನು ಕೊಟ್ಟಿತು. ಭವಿಷ್ಯನಿಧಿಯನ್ನು ಕೆಲಸವಿಲ್ಲದ ಅವಧಿಯಲ್ಲಿ ಹಿಂಪಡೆಯಲು ಅವಕಾಶವಾಯಿತು. ಇಎಸ್‌ಐ ನಿಗಮವು 2005ರ ಏಪ್ರಿಲ್ 1ರಿಂದ ರಾಜೀವ್ ಗಾಂಧಿ ಶ್ರಮಿಕ ಕಲ್ಯಾಣ ಯೋಜನೆಯನ್ನೂ 2018ರ ಜುಲೈ 1ರಿಂದ ಅಟಲ್ ಬೀಮಿತ್ ವ್ಯಕ್ತಿ ಕಲ್ಯಾಣ ಯೋಜನೆಯನ್ನೂ ತಂದಿತು. ಇವೆರಡು ಮಾತ್ರ ಸರಿಯಾದ ಅರ್ಥದಲ್ಲಿ ನಿರುದ್ಯೋಗ ಭತ್ಯೆಗಳು. ಕರ್ನಾಟಕ ಸರಕಾರದ ಯುವನಿಧಿಯನ್ನು ಜನ ಇದೇ ಸಾಲಿಗೆ ಸೇರಿಸುವುದುಂಟು. ಆದರೆ ಪದವೀಧರರಿಗೆ ತಿಂಗಳಿಗೆ 3000 ರೂಪಾಯಿ, ಡಿಪ್ಲೊಮಾ ಪಡೆದವರಿಗೆ 1500 ರೂಪಾಯಿಯಂತೆ ಗರಿಷ್ಠ ಎರಡು ವರ್ಷ ಕೊಡುವ ಆ ಯೋಜನೆಯಲ್ಲಿ ಹಳೆಯ ಮಾಲೀಕ ಎಂಬ ಪಾತ್ರವೇ ಇಲ್ಲ, ಆದ್ದರಿಂದ ಅದು ಈ ಚರ್ಚೆಯ ಹೊರಗಿನದು.

ಕಡಬ ತಾಲೂಕು 2018ರಿಂದ ಕಾರ್ಯಾರಂಭ ಮಾಡಿದ, ಪುತ್ತೂರು ಮತ್ತು ಸುಳ್ಯದ ಗ್ರಾಮಗಳನ್ನು ಬಿಡಿಸಿ ಕಟ್ಟಿದ ತಾಲೂಕು. ಕುಮಾರಧಾರೆಯ ಇಕ್ಕೆಲದ ಅಡಿಕೆ ತೋಟಗಳು, ನೆಲ್ಯಾಡಿ, ಶಿರಾಡಿ ಕಡೆಯ ಗುಡ್ಡಗಳಲ್ಲಿ ಕೇರಳದಿಂದ ವಲಸೆ ಬಂದ ಕುಟುಂಬಗಳು ಎಬ್ಬಿಸಿದ ರಬ್ಬರ್, ಯಾತ್ರಿಕರನ್ನು ನಂಬಿಕೊಂಡ ಸುಬ್ರಹ್ಮಣ್ಯದ ವಸತಿಗೃಹ ಮತ್ತು ಹೋಟೆಲುಗಳು, ಊರೂರಿನ ಮನೆ ಜಗಲಿಗಳಲ್ಲಿ ಬೀಡಿ ಕಟ್ಟುವ ಹೆಂಗಸರು: ಇಲ್ಲಿಯ ಕೂಲಿಯ ಬದುಕು ಇಷ್ಟರಲ್ಲೇ ಅಡಗಿದೆ ಎಂದರೆ ಹೆಚ್ಚು ತಪ್ಪಾಗದು. ಸುಳ್ಯ, ಪುತ್ತೂರು ಭಾಗದ ಅರಣ್ಯಭೂಮಿಯಲ್ಲಿ ಕರ್ನಾಟಕ ಅರಣ್ಯ ಅಭಿವೃದ್ಧಿ ನಿಗಮದ ರಬ್ಬರ್ ನೆಡುತೋಪುಗಳಿವೆ. 1964ರ ಸಿರಿಮಾವೋ–ಶಾಸ್ತ್ರಿ ಒಪ್ಪಂದದಂತೆ ಶ್ರೀಲಂಕೆಯಿಂದ ಮರಳಿದ ತಮಿಳು ಕುಟುಂಬಗಳಿಗೆ ಪುನರ್ವಸತಿ ಕಲ್ಪಿಸಲೆಂದು ಬೆಳೆಸಿದ ಈ ತೋಪುಗಳಲ್ಲಿ ಆ ಕುಟುಂಬಗಳ ಮುಂದಿನ ತಲೆಮಾರುಗಳು ಟ್ಯಾಪಿಂಗ್ ಮಾಡುತ್ತಿವೆ. ಹೀಗೆ ಒಂದೇ ಗುಡ್ಡದ ಒಂದು ಬದಿಯಲ್ಲಿ ಹಾಜರಿ ಪುಸ್ತಕ, ಸಂಬಳ ಚೀಟಿ, ಸಂಘ ಎಲ್ಲವೂ ಇರುವ ಟ್ಯಾಪರನೂ ಇನ್ನೊಂದು ಬದಿಯಲ್ಲಿ ಮರಕ್ಕಿಷ್ಟು ಎಂದು ಬಾಯಿಮಾತಿನಲ್ಲಿ ಗೊತ್ತುಮಾಡಿಕೊಂಡ ಟ್ಯಾಪರನೂ ಒಂದೇ ಹೊತ್ತಿನಲ್ಲಿ, ಒಂದೇ ಬಗೆಯ ಕತ್ತಿಯಿಂದ, ಒಂದೇ ಹಾಲನ್ನು ಇಳಿಸುತ್ತಿರುತ್ತಾರೆ. ಕೆಲಸ ಹೋದ ದಿನ ಇಬ್ಬರೂ ಒಂದೇ ಕಾನೂನಿನ ಎದುರು ನಿಂತರೂ ಒಬ್ಬನ ಕೈಯಲ್ಲಿ ಕಾಗದವಿರುತ್ತದೆ, ಇನ್ನೊಬ್ಬನಲ್ಲಿ ಇರುವುದಿಲ್ಲ.

ಕಾನೂನೂ ಈ ಭೇದಕ್ಕೆ ತನ್ನದೊಂದು ಪಾಲು ಸೇರಿಸಿದೆ. 1951ರ ನೆಡುತೋಪು ಕಾರ್ಮಿಕರ ಕಾಯ್ದೆ, ಆಮೇಲಿನ ತಿದ್ದುಪಡಿಗಳೂ ಸೇರಿ, ಚಹಾ, ಕಾಫಿ, ರಬ್ಬರ್, ಸಿಂಕೋನಾ, ಏಲಕ್ಕಿಗಳನ್ನು ಹೆಸರಿಸಿ, ಐದು ಹೆಕ್ಟೇರ್ ಜಾಗ ಮತ್ತು 15 ಕೆಲಸಗಾರರು ಇರುವಲ್ಲಿ ಅನ್ವಯವಾಗುತ್ತದೆ ಎಂದಿತು. ಅಡಿಕೆಗೆ ಆ ಪಟ್ಟಿಯಲ್ಲಿ ಜಾಗ ಸಿಗಲಿಲ್ಲ. ಆದ್ದರಿಂದ ಒಬ್ಬನೇ ಧಣಿಯ ಮೇಲಿನ ಗುಡ್ಡದ ರಬ್ಬರೂ ಕೆಳಗಿನ ಅಡಿಕೆಯೂ ಕಾನೂನಿನ ಕಣ್ಣಿಗೆ ಬೇರೆ ಬೇರೆ ಲೋಕಗಳು. ಅಡಿಕೆ ತೋಟದ ಖಾಯಂ ಆಳು ಇಪ್ಪತ್ತು ವರ್ಷ ಮದ್ದು ಬಿಟ್ಟು, ಕೊನೆ ಇಳಿಸಿ, ಕಣಿ ಬಿಡಿಸಿದರೂ ಅವನು ನೆಡುತೋಪಿನ ಕಾರ್ಮಿಕನಲ್ಲ. ಐದು ಹೆಕ್ಟೇರಿನ ಗೆರೆಯಿಂದಾಗಿ ಸಣ್ಣ ಹಿಡುವಳಿಯ ರಬ್ಬರೂ ಹೆಚ್ಚಿನಂಶ ಹೊರಗುಳಿಯಿತು.

ಈ ವಿಷಯದಲ್ಲಿ ಅತ್ಯಂತ ದೀರ್ಘವಾದ, ಅತ್ಯಂತ ಬೋಧಪ್ರದವಾದ ವ್ಯಾಜ್ಯ ದಕ್ಷಿಣ ಕನ್ನಡದ ಬೀಡಿಯದು. ಬೀಡಿ ಕಟ್ಟುವವಳು ಕಾರ್ಖಾನೆಗೆ ಹೋಗುವುದಿಲ್ಲ. ಊರಿನ ಬ್ರಾಂಚಿನಿಂದ ಎಲೆ, ಹೊಗೆಸೊಪ್ಪು, ನೂಲು ತಂದು, ಮನೆಯಲ್ಲಿ ತಡ್ಪೆಯನ್ನು, ಅಂದರೆ ಮೊರವನ್ನು, ತೊಡೆಯ ಮೇಲಿಟ್ಟುಕೊಂಡು ಕಟ್ಟಿ, ಲೆಕ್ಕಮಾಡಿ ಬ್ರಾಂಚಿಗೆ ಒಪ್ಪಿಸುತ್ತಾಳೆ. ಕೂಲಿ ಸಾವಿರ ಬೀಡಿಯ ಲೆಕ್ಕದಲ್ಲಿ. ಬ್ರಾಂಚ್ ನಡೆಸುವವನು ಗುತ್ತಿಗೆದಾರ, ಅವನ ಹಿಂದೆ ಕಂಪೆನಿ. ಇವಳು ಕಂಪೆನಿಯ ನೌಕರಳೇ, ತನ್ನ ಮನೆಯಲ್ಲಿ ಸ್ವತಂತ್ರವಾಗಿ ದುಡಿದು ಮಾಲು ಮಾರುವವಳೇ ಎಂಬ ಪ್ರಶ್ನೆಯ ಮೇಲೆ ಅವಳ ರಜೆ, ಹೆರಿಗೆ ಭತ್ಯೆ, ಪಿಎಫ್, ಗ್ರಾಚ್ಯುಟಿ ಎಲ್ಲವೂ ನಿಂತಿದ್ದವು. 1966ರ ಬೀಡಿ ಮತ್ತು ಸಿಗಾರ್ ಕಾರ್ಮಿಕರ ಕಾಯ್ದೆ ಮನೆಯಲ್ಲಿ ಕಟ್ಟುವವರನ್ನೂ ನೌಕರರೆಂದೇ ಎಣಿಸಿತು. ಆರು ತಿಂಗಳು ದುಡಿದವರನ್ನು ಸಮಂಜಸ ಕಾರಣವಿಲ್ಲದೆ, ಒಂದು ತಿಂಗಳ ನೋಟಿಸನ್ನಾಗಲಿ ಅದರ ಬದಲಿಗೆ ಸಂಬಳವನ್ನಾಗಲಿ ಕೊಡದೆ ಬಿಡಿಸುವಂತಿಲ್ಲ ಎಂದು ಅದರ 31ನೆಯ ಕಲಮು ಹೇಳಿತು. ಬೀಡಿ ಮಾಲೀಕರು ಕಾಯ್ದೆಯನ್ನೇ ಸಂವಿಧಾನದ ಹೆಸರಿನಲ್ಲಿ ಪ್ರಶ್ನಿಸಿದರು. 1974ರಲ್ಲಿ ಮಂಗಳೂರು ಗಣೇಶ್ ಬೀಡಿ ವರ್ಕ್ಸ್ ವಿರುದ್ಧ ಭಾರತ ಒಕ್ಕೂಟ ಎಂಬ ಹೆಸರಿನಲ್ಲಿ ತೀರ್ಮಾನವಾದ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಕಾಯ್ದೆಯ ಸಿಂಧುತ್ವವನ್ನು ಎತ್ತಿಹಿಡಿಯಿತು. 1977ರಲ್ಲಿ ಬೀಡಿ ಉದ್ಯಮಕ್ಕೆ ಭವಿಷ್ಯನಿಧಿ ವಿಸ್ತರಣೆಯಾದಾಗ ಇವಳು ನೌಕರಳೇ ಎಂಬ ಅದೇ ಪ್ರಶ್ನೆ ಮತ್ತೆ ಎದ್ದು, 1985ರಲ್ಲಿ ಪಿ.ಎಂ. ಪಟೇಲ್ ಆ್ಯಂಡ್ ಸನ್ಸ್ ಪ್ರಕರಣದ ತೀರ್ಪಿನವರೆಗೂ ಸಾಗಿತು.

ಆ ತೀರ್ಪಿನ ತರ್ಕವನ್ನು ಇಲ್ಲಿ ತುಸು ನಿಂತು ನೋಡಬೇಕು. ಯಾರನ್ನಾದರೂ ನೌಕರನೆನ್ನಲು ಅವನ ಕೆಲಸದ ಮೇಲೆ ಮಾಲೀಕನ ಹತೋಟಿ ಇರಬೇಕೆಂಬುದು ಹಳೆಯ ನಿಯಮ. ಮನೆಯೊಳಗೆ, ಅಡುಗೆಯ ಮಧ್ಯೆ, ತನಗೆ ಬಿಡುವಾದ ಹೊತ್ತಿನಲ್ಲಿ ಬೀಡಿ ಕಟ್ಟುವವಳ ಮೇಲೆ ಯಾರ ಹತೋಟಿ ಎಂದು ಮಾಲೀಕರು ಕೇಳಿದರು. ಒಪ್ಪಿಸಿದ ಬೀಡಿಯಲ್ಲಿ ಸರಿಯಿಲ್ಲದ್ದನ್ನು ತಿರಸ್ಕರಿಸುವ ಅಧಿಕಾರ ಮಾಲೀಕನದಾಗಿರುವಾಗ ಅದೇ ಹತೋಟಿ ಎಂದು ನ್ಯಾಯಾಲಯ ಉತ್ತರ ಕೊಟ್ಟಿತು. ಬೀಡಿ ಕಟ್ಟುವ ಹೆಂಗಸರ ಬಹುಕಾಲದ ದೂರು ಈ ತಿರಸ್ಕಾರದ ಕುರಿತಾದದ್ದು. ‘ಚಾಟ್’ ಎಂದು ಬದಿಗಿಟ್ಟ ಬೀಡಿಗೆ ಕೂಲಿ ಸಿಗದು, ಎಲೆ ಮತ್ತು ಸೊಪ್ಪಿನ ನಷ್ಟ ಬೇರೆ. ಬ್ರಾಂಚಿನ ಮೇಜಿನ ಮೇಲೆ ದಿನವೂ ಅವರನ್ನು ಸಣ್ಣವರಾಗಿಸಿದ ಆ ಕ್ರಿಯೆಯೇ ಅವರು ನೌಕರರು ಎಂಬುದಕ್ಕೆ ದೇಶದ ಅತ್ಯುನ್ನತ ನ್ಯಾಯಾಲಯದಲ್ಲಿ ಪುರಾವೆಯಾಯಿತು. ಕಾರ್ಮಿಕ ಕಾನೂನಿನಲ್ಲಿ ಇಂಥ ತಿರುಗುಬಾಣಗಳು ಅಪರೂಪ.

ಆದರೆ ತೀರ್ಪು ಬಂದ ಮಾತ್ರಕ್ಕೆ ಬ್ರಾಂಚಿನ ಪುಸ್ತಕ ತೆರೆದುಕೊಳ್ಳಲಿಲ್ಲ. ಬೀಡಿ ಕಟ್ಟುವವಳ ಕೈಯಲ್ಲಿರುವ ದಾಖಲೆ ಎಂದರೆ ಲಾಗ್ ಪುಸ್ತಕವೊಂದೇ: ಎಡಗಡೆ ದಿನಾಂಕ, ಕೊಟ್ಟ ಎಲೆಯ ಮತ್ತು ಹೊಗೆಸೊಪ್ಪಿನ ತೂಕ, ಒಪ್ಪಿಸಿದ ಬೀಡಿಯ ಸಂಖ್ಯೆ, ತಿರಸ್ಕರಿಸಿದ್ದು, ಕೂಲಿ, ಮತ್ತು ಪ್ರತಿ ಸಾಲಿನ ಕೊನೆಗೆ ಬರೆದವನ ಗೀಟಿನಂಥ ಒಂದು ಸಹಿ. ಈ ಪುಸ್ತಕವೂ ಎಲ್ಲರ ಬಳಿ ಇಲ್ಲ. ಒಂದು ಮನೆಯಲ್ಲಿ ತಾಯಿ, ಸೊಸೆ, ಮಗಳು ಮೂವರು ಕಟ್ಟಿದರೂ ಪುಸ್ತಕ ಒಬ್ಬಳ ಹೆಸರಿನಲ್ಲಿರುವುದು, ಉಳಿದಿಬ್ಬರ ದುಡಿಮೆ ಅವಳ ಲೆಕ್ಕಕ್ಕೆ ಸೇರುವುದು ಈ ಭಾಗದಲ್ಲಿ ಎಲ್ಲರೂ ಬಲ್ಲ ಸಂಗತಿ. ಬ್ರಾಂಚ್ ಮುಚ್ಚಿದಾಗ ಪುಸ್ತಕವಿದ್ದವಳು ನೌಕರಳು, ಇಲ್ಲದವಳು ನೆರವಿಗೆ ಬಂದವಳು. ಗುತ್ತಿಗೆದಾರನನ್ನು ಕೇಳಿದರೆ ಕಂಪೆನಿಯನ್ನು ಕೇಳಿ ಎನ್ನುತ್ತಾನೆ, ಕಂಪೆನಿ ನಮ್ಮ ಪಟ್ಟಿಯಲ್ಲಿ ಆ ಹೆಸರಿಲ್ಲ ಎನ್ನುತ್ತದೆ. ಮೂಲ ಮಾಲೀಕನೇ ಹೊಣೆ ಎಂಬ ಕಾಯ್ದೆಯ ಮಾತು ಇವೆರಡರ ನಡುವೆ ತೂಗಾಡುತ್ತದೆ.

ಪುಸ್ತಕವಿದ್ದವಳ ಗ್ರಾಚ್ಯುಟಿಯಲ್ಲೂ ಒಂದು ಸೂಕ್ಷ್ಮವಿದೆ. ದಿನಗೂಲಿಯ ಬದಲು ಕಟ್ಟಿದಷ್ಟಕ್ಕೆ ಕೂಲಿ ಪಡೆಯುವವರ ಗ್ರಾಚ್ಯುಟಿಯನ್ನು ಕೆಲಸ ನಿಲ್ಲುವ ಮುಂಚಿನ ಮೂರು ತಿಂಗಳ ಸರಾಸರಿಯ ಮೇಲೆ ಕಟ್ಟಬೇಕೆಂದು 1972ರ ಕಾಯ್ದೆಯ 4ನೆಯ ಕಲಮು ಹೇಳಿತು. ಮುಚ್ಚಲಿರುವ ಬ್ರಾಂಚು ಒಮ್ಮೆಲೇ ಮುಚ್ಚುವುದಿಲ್ಲ. ವಾರಕ್ಕೆ ಆರು ದಿನ ಕೊಡುತ್ತಿದ್ದ ಎಲೆಯನ್ನು ನಾಲ್ಕಕ್ಕೆ, ಆಮೇಲೆ ಎರಡಕ್ಕೆ ಇಳಿಸುತ್ತದೆ. ಮೂವತ್ತು ವರ್ಷ ದಿನಕ್ಕೆ ಸಾವಿರ ಕಟ್ಟಿದವಳ ಇಡುಗಂಟು ಆ ಕೊನೆಯ ಬಡ ಮೂರು ತಿಂಗಳುಗಳ ಅಳತೆಯಿಂದ ನಿರ್ಧಾರವಾಗುವ ಸಂಭವವಿದೆ. ಯಾರೂ ತಕರಾರು ಎತ್ತಿಲ್ಲ, ಯಾವ ಅರ್ಜಿಗೂ ಯಾರೂ ಅಡ್ಡ ಬಂದಿಲ್ಲ, ಹಣ ಮಾತ್ರ ಕಡಿಮೆಯಾಗಿದೆ.

ರಬ್ಬರು ಮತ್ತು ಅಡಿಕೆಯ ತೋಟಗಳಲ್ಲಿ, ಲೋಕೋಪಯೋಗಿ ಕಾಮಗಾರಿಗಳಲ್ಲಿ, ದಿನಗೂಲಿಯ ಎಲ್ಲ ಕಡೆಗಳಲ್ಲಿ ವ್ಯಾಜ್ಯ 240 ಎಂಬ ಸಂಖ್ಯೆಯ ಸುತ್ತ ಸುತ್ತುತ್ತದೆ. ಹಿಂದಿನ ಹನ್ನೆರಡು ತಿಂಗಳಲ್ಲಿ 240 ದಿನ ದುಡಿದವನು ಒಂದು ವರ್ಷದ ಅವಿಚ್ಛಿನ್ನ ಸೇವೆ ಸಲ್ಲಿಸಿದನೆಂದು ಕಾನೂನು ಬಗೆಯುತ್ತದೆ, ಅವನಿಗೆ ಮಾತ್ರ ಕೆಲಸ ಕಡಿತದ ಪರಿಹಾರ. ಸಂಬಳ ಸಹಿತ ರಜೆ ಮತ್ತು ಭಾನುವಾರಗಳೂ ಈ ಲೆಕ್ಕಕ್ಕೆ ಸೇರುತ್ತವೆ ಎಂದು 1985ರ ಅಮೆರಿಕನ್ ಎಕ್ಸ್‌ಪ್ರೆಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಉದಾರವಾಗಿ ಎಣಿಸಿತು. ಎಣಿಸಬೇಕಾದವರು ಯಾರು ಎಂಬ ಪ್ರಶ್ನೆಗೆ ಮಾತ್ರ ಅಷ್ಟು ಉದಾರವಾದ ಉತ್ತರ ಬರಲಿಲ್ಲ. ಕರ್ನಾಟಕದ ಅರಣ್ಯ ಇಲಾಖೆಯ ದಿನಗೂಲಿ ನೌಕರನಿಗೆ ಸಂಬಂಧಿಸಿದ, 2002ರಲ್ಲಿ ತೀರ್ಮಾನವಾದ ರೇಂಜ್ ಫಾರೆಸ್ಟ್ ಆಫೀಸರ್ ವಿರುದ್ಧ ಹಾದಿಮನಿ ಪ್ರಕರಣದಲ್ಲಿ, 240 ದಿನ ದುಡಿದೆನೆಂದು ರುಜುವಾತುಪಡಿಸುವ ಹೊಣೆ ದುಡಿದವನದೇ, ಅವನು ಕೊಟ್ಟ ಅಫಿಡವಿಟ್ ಒಂದೇ ಅದಕ್ಕೆ ಸಾಲದು ಎಂದು ಸುಪ್ರೀಂ ಕೋರ್ಟು ಹೇಳಿತು. ಮೂರು ವರ್ಷಗಳ ಬಳಿಕ, 2005ರ ನವೆಂಬರಿನಲ್ಲಿ, ಕರ್ನಾಟಕದ್ದೇ ಆದ ಯಲ್ಲಟ್ಟಿ ಪ್ರಕರಣದಲ್ಲಿ ಅದೇ ನ್ಯಾಯಾಲಯ ಈ ಗಂಟನ್ನು ಒಂದಿಷ್ಟು ಸಡಿಲಿಸಿತು: ದಿನಗೂಲಿಯವನಿಗೆ ನೇಮಕದ ಆದೇಶವಿರುವುದಿಲ್ಲ, ಸಂಬಳ ಚೀಟಿ ಇರುವುದಿಲ್ಲ, ಅವನು ಸಾಕ್ಷಿಯ ಕಟ್ಟೆಯೇರಿ ಪ್ರಮಾಣ ಮಾಡಿ ಹೇಳಿ, ಮಾಲೀಕನ ಬಳಿಯಿರುವ ಮಸ್ಟರ್ ರೋಲನ್ನು, ಅಂದರೆ ಹಾಜರಿ ಪಟ್ಟಿಯನ್ನು, ತರಿಸಿರೆಂದು ಕೇಳಿಕೊಳ್ಳುವ ಮೂಲಕ ತನ್ನ ಹೊಣೆಯನ್ನು ನಿರ್ವಹಿಸಬಹುದು ಎಂದಿತು. ಆ ಪ್ರಕರಣದಲ್ಲಿ ನೌಕರನ ಕೈಯಲ್ಲಿ ಅಧಿಕಾರಿಯೊಬ್ಬರು ಎಂದೋ ಬರೆದುಕೊಟ್ಟ ಸೇವಾ ಪತ್ರವೊಂದಿತ್ತು, ಅದು ಅವನನ್ನು ಕಾಪಾಡಿತು. ಕಾಗದವೊಂದು ಆಕಸ್ಮಿಕವಾಗಿ ಉಳಿದುಬಂದವನು ಗೆದ್ದ, ಉಳಿಯದವನು ಸೋತ ಎಂದು ಈ ಎರಡು ತೀರ್ಪುಗಳನ್ನು ಒಟ್ಟಿಗೆ ಓದುವವರಿಗೆ ಅನಿಸದೆ ಇರದು.

ಸಣ್ಣ ರಬ್ಬರ್ ತೋಟದ ಟ್ಯಾಪರನಿಗೆ ಈ 240 ಇನ್ನಷ್ಟು ದೂರ. ಎಲೆ ಉದುರುವ ಬೇಸಿಗೆಯಲ್ಲಿ ಟ್ಯಾಪಿಂಗ್ ನಿಲ್ಲುತ್ತದೆ. ಮಳೆಗಾಲದಲ್ಲಿ ಮರಕ್ಕೆ ಪ್ಲಾಸ್ಟಿಕ್ ಕಟ್ಟಿದ ತೋಟದಲ್ಲಿ ಕೆಲಸವಿದೆ, ಕಟ್ಟದ ತೋಟದಲ್ಲಿಲ್ಲ. ದಿನ ಬಿಟ್ಟು ದಿನ ಗಾಯ ಮಾಡುವ ಕ್ರಮವಿದ್ದರೆ ಒಬ್ಬನು ಎರಡು ತೋಟ ಹಿಡಿದಿರುತ್ತಾನೆ. ಅವನು ವರ್ಷದಲ್ಲಿ 240ಕ್ಕಿಂತ ಹೆಚ್ಚು ಬೆಳಗು ಕತ್ತಿ ಹಿಡಿದಿರಬಹುದು, ಆದರೆ ಒಬ್ಬ ಧಣಿಯ ಲೆಕ್ಕದಲ್ಲಿ ಅಷ್ಟಾಗುವುದಿಲ್ಲ. ಅಡಿಕೆ ಮರ ಹತ್ತುವವನ ಪಾಡು ಇದಕ್ಕೂ ಮುಂದೆ. ಏಳೆಂಟು ತೋಟಗಳಿಗೆ ಬೇಕಾದವನಾದ ಅವನಿಗೆ ಮಾಲೀಕರು ಹಲವರು, ಕಾನೂನಿನ ಅರ್ಥದಲ್ಲಿ ಒಬ್ಬನೂ ಇಲ್ಲ.

ಕಾರಣದ ಮೇಲಿನ ವಾದ, ಎಂದರೆ ಅಮೆರಿಕದ ಮಾದರಿಯದು, ಇಲ್ಲಿ ಎರಡನೆಯ ಸಾಲಿನ ಆಯುಧ. ದಾಖಲೆ ಇದ್ದು ಸಂಬಂಧವನ್ನು ಅಲ್ಲಗಳೆಯಲಾಗದಿದ್ದಾಗ ‘ಅವನೇ ಬರುವುದನ್ನು ಬಿಟ್ಟ’ ಎಂಬ ಮಾತು ಬರುತ್ತದೆ. ನೌಕರ ಗೈರುಹಾಜರಾದನೆಂದು ಹೆಸರು ಹೊಡೆದುಹಾಕುವುದೂ ಕೆಲಸ ಕಡಿತವೇ ಎಂದು 1982ರ ರಾಬರ್ಟ್ ಡಿಸೋಜ ಪ್ರಕರಣದಲ್ಲಿಯೂ, ಯಾವುದೇ ಕಾರಣಕ್ಕಾದರೂ ಮಾಲೀಕನು ಸೇವೆಯನ್ನು ಕೊನೆಗೊಳಿಸಿದರೆ ಅದು ಕೆಲಸ ಕಡಿತದ ವ್ಯಾಖ್ಯೆಯೊಳಗೆ ಬರುತ್ತದೆ ಎಂದು 1990ರ ಸಂವಿಧಾನ ಪೀಠದ ತೀರ್ಪಿನಲ್ಲಿಯೂ ಸುಪ್ರೀಂ ಕೋರ್ಟು ಹೇಳಿದೆ. ನಡುವೆ, 1984ರಲ್ಲಿ, ಅವಧಿ ಮುಗಿದ ಕರಾರನ್ನು ನವೀಕರಿಸದಿರುವುದು ಕಡಿತವಲ್ಲ ಎಂಬ ತಿದ್ದುಪಡಿಯೂ ಜಾರಿಗೆ ಬಂದು, ಹನ್ನೊಂದು ತಿಂಗಳ ಕರಾರುಗಳಿಗೆ ಬಾಗಿಲು ತೆರೆದಿತ್ತು. ಗ್ರಾಚ್ಯುಟಿಗಾದರೋ ಐದು ವರ್ಷವಾಗಿದ್ದರೆ ರಾಜೀನಾಮೆ ಕೊಟ್ಟವನೂ ಅರ್ಹ. ದುರ್ನಡತೆಗಾಗಿ ತೆಗೆದಾಗ ಮಾತ್ರ, ಅದೂ ಗೊತ್ತಾದ ಸಂದರ್ಭಗಳಲ್ಲಿ, ಅದನ್ನು ತಡೆಹಿಡಿಯಬಹುದು. ಊರಿನ ಮಟ್ಟದಲ್ಲಿ ಇವೆಲ್ಲಕ್ಕಿಂತ ಹೆಚ್ಚು ಬಳಕೆಯಾಗುವುದು ‘ಲೆಕ್ಕ ಚುಕ್ತಾ’ ಎಂಬ ಅರ್ಧ ಹಾಳೆಯ ಬರಹ. ಬಾಕಿ ಕೂಲಿಯನ್ನು ಎಣಿಸಿ ಕೊಡುವಾಗ ‘ನನಗೆ ಬರಬೇಕಾದದ್ದೆಲ್ಲ ಬಂದಿದೆ, ಮುಂದೆ ಯಾವ ಹಕ್ಕೂ ಇರುವುದಿಲ್ಲ’ ಎಂದು ಬರೆಸಿ ಹೆಬ್ಬೆಟ್ಟನ್ನೋ ಸಹಿಯನ್ನೋ ಪಡೆದ ಆ ಹಾಳೆ ಮಾಲೀಕನ ಬಳಿಯೇ ಉಳಿಯುತ್ತದೆ. ಶಾಸನಬದ್ಧ ಹಕ್ಕನ್ನು ಅಂಥ ಬರಹ ಕಸಿಯಲಾರದೆಂಬುದು ಕಾನೂನಿನ ನಿಲುವಾದರೂ, ಸಹಿ ಹಾಕಿದವನು ಆ ಮೇಲೆ ಕಚೇರಿಯ ಮೆಟ್ಟಿಲು ಹತ್ತುವುದು ವಿರಳ.

ಮೆಟ್ಟಿಲು ಹತ್ತಬೇಕಾದ ಕಚೇರಿಯೂ ಹತ್ತಿರವಿಲ್ಲ. ಕಡಬದಿಂದ ಸುಮಾರು 80 ಕಿಲೋಮೀಟರ್ ದೂರದ ಮಂಗಳೂರಿನಲ್ಲಿ ಸಹಾಯಕ ಕಾರ್ಮಿಕ ಆಯುಕ್ತರ ಕಚೇರಿ ಮತ್ತು ಕಾರ್ಮಿಕ ನ್ಯಾಯಾಲಯ ಇವೆ. ಕರ್ನಾಟಕವು 1988ರ ತಿದ್ದುಪಡಿಯಿಂದ, ತೆಗೆದುಹಾಕಲ್ಪಟ್ಟ ನೌಕರನು ಸರಕಾರದ ಶಿಫಾರಸಿಗಾಗಿ ಕಾಯದೆ ಆರು ತಿಂಗಳೊಳಗೆ ನೇರವಾಗಿ ಕಾರ್ಮಿಕ ನ್ಯಾಯಾಲಯಕ್ಕೆ ಹೋಗಬಹುದೆಂದು ಮಾಡಿದ್ದು, ಕೇಂದ್ರ ಸರಕಾರ ಅಂಥ ಅವಕಾಶವನ್ನು ದೇಶಕ್ಕೆಲ್ಲ ಕೊಟ್ಟ 2010ಕ್ಕಿಂತ ಎರಡು ದಶಕಗಳಷ್ಟು ಮುಂಚೆ. ಈ ರಾಜ್ಯದ ಕಾರ್ಮಿಕ ಕಾನೂನಿನ ಚರಿತ್ರೆಯಲ್ಲಿ ಇದು ಹೆಮ್ಮೆಪಡಬೇಕಾದ, ಆದರೆ ಅಷ್ಟಾಗಿ ಯಾರೂ ನೆನೆಯದ ಹೆಜ್ಜೆ. ಗ್ರಾಚ್ಯುಟಿಯ ವಿಷಯದಲ್ಲಿ ಮಾಲೀಕನು ಮೇಲ್ಮನವಿ ಹಾಕಬೇಕಾದರೆ ಆದೇಶವಾದ ಹಣವನ್ನು ಮೊದಲು ಠೇವಣಿ ಇಡಬೇಕೆಂಬ ಷರತ್ತೂ ಇದೆ. ಅಮೆರಿಕದ ಸುಪ್ರೀಂ ಕೋರ್ಟು 1971ರ ಜಾವಾ ಪ್ರಕರಣದಲ್ಲಿ, ಅರ್ಹತೆ ಒಮ್ಮೆ ನಿರ್ಧಾರವಾದ ಮೇಲೆ ಮಾಲೀಕನ ಮೇಲ್ಮನವಿ ಬಾಕಿಯಿದೆಯೆಂದು ಭತ್ಯೆಯನ್ನು ನಿಲ್ಲಿಸಬಾರದು ಎಂದದ್ದಕ್ಕೂ ಇದಕ್ಕೂ ಒಂದು ವ್ಯತ್ಯಾಸವಿದೆ: ಅಲ್ಲಿ ಹಣ ನೌಕರನ ಮನೆಗೆ ಹೋಗುತ್ತದೆ, ಇಲ್ಲಿ ಪ್ರಾಧಿಕಾರದ ಖಾತೆಯಲ್ಲಿ ಕುಳಿತಿರುತ್ತದೆ.

ಮಾತಿಲ್ಲದ ತಕರಾರಿಗೆ ಕಾಗದದ ಕಾಲ ಮುಗಿದ ಬಳಿಕವೂ ಎಡೆ ಸಿಕ್ಕಿತು. ಭವಿಷ್ಯನಿಧಿಯ ಗಣಕದಲ್ಲಿ ಪ್ರತಿ ಸದಸ್ಯನ ಹೆಸರಿನ ಮುಂದೆ ‘ನಿರ್ಗಮನದ ದಿನಾಂಕ’ ಎಂಬ ಸಣ್ಣ ಚೌಕವೊಂದಿದೆ, ಕೆಲಸ ಬಿಟ್ಟ ದಿನವನ್ನು ಅದರಲ್ಲಿ ತುಂಬಬೇಕು. ಅದು ಖಾಲಿಯಿರುವ ತನಕ ಸದಸ್ಯನು ಇನ್ನೂ ಕೆಲಸದಲ್ಲಿದ್ದಾನೆಂದೇ ಗಣಕದ ತಿಳಿವಳಿಕೆ, ಕೆಲಸವಿಲ್ಲವೆಂಬ ಕಾರಣಕ್ಕೆ ಹಣ ಹಿಂಪಡೆಯುವ ಅರ್ಜಿ ಮುಂದೆ ಸಾಗದು. ಅದನ್ನು ತುಂಬುವ ಅಧಿಕಾರ ಬಹುಕಾಲ ಮಾಲೀಕನೊಬ್ಬನದೇ ಆಗಿತ್ತು. ಜಗಳವಾಡಿ ಬಿಟ್ಟುಹೋದವನ ಚೌಕವನ್ನು ಖಾಲಿ ಬಿಡಲು ಯಾವ ವಕೀಲನೂ ಬೇಡ, ಯಾವ ವಾದವೂ ಬೇಡ. ಕೊನೆಯ ವಂತಿಗೆಯ ಎರಡು ತಿಂಗಳ ಬಳಿಕ ಸದಸ್ಯನೇ ಆ ದಿನಾಂಕವನ್ನು ತುಂಬಿಕೊಳ್ಳಬಹುದೆಂಬ ಸೌಲಭ್ಯ 2020ರ ಜನವರಿಯಲ್ಲಿ ಬಂತು. ಅದೇ ವರ್ಷ ಕೋವಿಡ್ ಕಾಲದಲ್ಲಿ ಇಎಸ್‌ಐ ನಿಗಮ ಅಟಲ್ ಯೋಜನೆಯಲ್ಲಿ ಮಾಡಿದ ಸಡಿಲಿಕೆಯೂ ಇದೇ ದಿಕ್ಕಿನದು. ಭತ್ಯೆಯ ದರ ದಿನದ ಸರಾಸರಿ ಸಂಬಳದ ಶೇ. 25ರಿಂದ ಶೇ. 50ಕ್ಕೆ ಏರಿತು, ಕಾಯುವ ಅವಧಿ 90 ದಿನಗಳಿಂದ 30ಕ್ಕೆ ಇಳಿಯಿತು, ಮತ್ತು ಕೊನೆಯ ಮಾಲೀಕನ ಮೂಲಕವೇ ಅರ್ಜಿ ಬರಬೇಕೆಂಬ ಪದ್ಧತಿಯನ್ನು ಕೈಬಿಟ್ಟು ನೌಕರನು ನೇರವಾಗಿ ಶಾಖಾ ಕಚೇರಿಗೆ ಅರ್ಜಿ ಕೊಡಬಹುದೆಂದಾಯಿತು. ಮೊದಲೆರಡು ಬದಲಾವಣೆಗಳು ಸುದ್ದಿಯಾದಷ್ಟು ಮೂರನೆಯದು ಆಗಲಿಲ್ಲ, ಮೂರರಲ್ಲಿ ತೂಕದ್ದು ಮಾತ್ರ ಅದೇ. ಇಎಸ್‌ಐಗೆ ಮಾಲೀಕನ ವಂತಿಗೆ ಸಂಬಳದ ಶೇ. 3.25ರಂತೆ ಎಲ್ಲರಿಗೂ ಒಂದೇ ಆಗಿರುವುದರಿಂದ, ಮಾಜಿ ನೌಕರ ಭತ್ಯೆ ಪಡೆದರೆ ಅಮೆರಿಕದಲ್ಲಿ ಆಗುವಂಥ ನಷ್ಟ ಇಲ್ಲಿ ಮಾಲೀಕನಿಗೆ ಒಂದು ಕಾಸಿನಷ್ಟೂ ಇಲ್ಲ. ಹಾಗಿದ್ದೂ ಮುಚ್ಚಿಹೋದ, ಇಲ್ಲವೇ ಮುನಿದುಕೊಂಡ ಸಂಸ್ಥೆಯ ಮುದ್ರೆಗಾಗಿ ಕಾಯಬೇಕಾಗಿದ್ದುದು ಬರಿಯ ಕಚೇರಿಯ ಜಡತ್ವ. ಜೀವಮಾನದಲ್ಲಿ ಗರಿಷ್ಠ 90 ದಿನಕ್ಕೆ ಸಿಗುವ ಈ ಭತ್ಯೆಯೂ ಇಎಸ್‌ಐ ವ್ಯಾಪ್ತಿಯ, ಹತ್ತಕ್ಕೆ ಕಡಿಮೆಯಿಲ್ಲದ ಕೆಲಸಗಾರರಿರುವ ಸಂಸ್ಥೆಗಳವರಿಗೆ ಮಾತ್ರ. ಗೇರುಬೀಜದ ಕಾರ್ಖಾನೆಯ ಹೆಂಗಸಿಗೆ ಅದು ಎಟುಕೀತು, ತೋಟದ ಆಳಿಗೆ ಎಟುಕದು.

ಸರಕಾರವೇ ಮಾಲೀಕನ ಸ್ಥಾನದಲ್ಲಿದ್ದಾಗ ಏನಾಯಿತೆಂಬುದಕ್ಕೆ 2005ರ ಉದ್ಯೋಗ ಖಾತರಿ ಕಾಯ್ದೆ ಸಾಕ್ಷಿ. ಕೆಲಸ ಕೇಳಿದ 15 ದಿನಗಳೊಳಗೆ ಕೊಡದಿದ್ದರೆ ಮೊದಲ 30 ದಿನಕ್ಕೆ ಕೂಲಿಯ ಕಾಲುಭಾಗಕ್ಕೂ ಬಳಿಕ ಅರ್ಧಕ್ಕೂ ಕಡಿಮೆಯಿಲ್ಲದ ನಿರುದ್ಯೋಗ ಭತ್ಯೆಯನ್ನು ರಾಜ್ಯ ಸರಕಾರ ಕೊಡಬೇಕೆಂದು ಅದರ 7ನೆಯ ಕಲಮು ಹೇಳಿತ್ತು. ಹದಿನೈದು ದಿನದ ಎಣಿಕೆ ಶುರುವಾಗುತ್ತಿದ್ದುದು ಕೆಲಸ ಕೇಳುವ ನಮೂನೆ 6ಕ್ಕೆ ಪಂಚಾಯತಿ ಕೊಡುವ ದಿನಾಂಕವುಳ್ಳ ರಸೀದಿಯಿಂದ. ಅರ್ಜಿಯನ್ನು ತೆಗೆದಿಟ್ಟುಕೊಂಡು, ಕೆಲಸ ಬಂದ ದಿನ ಅದಕ್ಕೆ ತಾರೀಕು ಹಾಕಿದರೆ ಭತ್ಯೆಯ ಪ್ರಶ್ನೆಯೇ ಏಳುತ್ತಿರಲಿಲ್ಲ. ದೇಶದ ಉದ್ದಗಲಕ್ಕೂ ಈ ಭತ್ಯೆ ಪಾವತಿಯಾದದ್ದು ತೀರ ಅಪರೂಪವೆಂಬುದು ಯೋಜನೆಯನ್ನು ಗಮನಿಸಿದ ಎಲ್ಲರೂ ಒಪ್ಪುವ ಮಾತು. ಖಾಸಗಿ ಮಾಲೀಕನು ಹಾಜರಿ ಪುಸ್ತಕದಿಂದ ಸಾಧಿಸುವುದನ್ನು ಇಲ್ಲಿ ರಸೀದಿ ಪುಸ್ತಕದಿಂದ ಸಾಧಿಸಲಾಯಿತು.

ಮಾಲೀಕರ ಪಕ್ಷದ ಮಾತನ್ನು ಹೇಳದಿದ್ದರೆ ಸಮೀಕ್ಷೆ ಒಕ್ಕಣ್ಣಿನದಾಗುತ್ತದೆ. ಈ ಮೂರು ತಾಲೂಕುಗಳ ಮಾಲೀಕರಲ್ಲಿ ಕಂಪೆನಿಗಳಿಗಿಂತ ಎರಡು ಮೂರು ಎಕರೆಯ ಕೃಷಿಕರು ಹೆಚ್ಚು. ಸುಳ್ಯದ ಸಂಪಾಜೆ, ಅರಂತೋಡು, ಮರ್ಕಂಜ ಭಾಗದಲ್ಲಿ ಹಳದಿ ಎಲೆ ರೋಗ ಅಡಿಕೆ ತೋಟಗಳನ್ನು ನುಂಗಿಹಾಕಿದೆ, ಈಚಿನ ವರ್ಷಗಳಲ್ಲಿ ಎಲೆಚುಕ್ಕಿ ರೋಗ ಹರಡುತ್ತಿದೆ. ರಬ್ಬರಿನ ಧಾರಣೆ ಕುಸಿದಾಗ ಮರಗಳನ್ನು ಟ್ಯಾಪಿಂಗ್ ಮಾಡದೆ ಬಿಟ್ಟವರೂ ಕಡಿದು ಬೇರೆ ಬೆಳೆ ಇಟ್ಟವರೂ ಇದ್ದಾರೆ. ತೋಟವೇ ಸತ್ತುಹೋದವನು ಆಳಿಗೆ ಪರಿಹಾರ ಕೊಡಬೇಕೆಂದರೆ ಎಲ್ಲಿಂದ ತರಬೇಕೆಂಬ ಪ್ರಶ್ನೆ ಬರಿಯ ನೆಪವಲ್ಲ. ಅಪಾಯವನ್ನು ಹಲವರ ನಡುವೆ ಹಂಚುವುದೇ ವಿಮೆಯ ಉದ್ದೇಶ. ಭಾರತದ ಕಾನೂನು ನಿರುದ್ಯೋಗದ ಹೊರೆಯನ್ನು ಬಹುಪಾಲು ಒಬ್ಬೊಬ್ಬ ಮಾಲೀಕನ ಜೇಬಿನ ಮೇಲೆ ಹೊರಿಸಿದ್ದರಿಂದ, ಅವನು ಅದನ್ನು ಜಾಡಿಸಲು ನೋಡುವುದರಲ್ಲಿ ಆಶ್ಚರ್ಯವಿಲ್ಲ. ಇಲ್ಲಿಯ ಧಣಿಗಳಲ್ಲಿ ಹಲವರು ಆಳಿನ ಮಗಳ ಮದುವೆಗೂ ಆಸ್ಪತ್ರೆಗೂ ಕೇಳಿದ್ದಕ್ಕಿಂತ ಹೆಚ್ಚು ಕೊಟ್ಟವರಿದ್ದಾರೆ, ಅದೇ ಧಣಿ ಅವನ ಹೆಸರನ್ನು ಒಂದು ಪುಸ್ತಕದಲ್ಲಿ ಬರೆಯಲು ಹಿಂಜರಿಯುತ್ತಾನೆ. ಕೊಟ್ಟದ್ದು ದಾನವಾಗಿ ಉಳಿಯುತ್ತದೆ, ಬರೆದದ್ದು ಹಕ್ಕಾಗುತ್ತದೆ ಎಂಬುದು ಇಬ್ಬರಿಗೂ ಗೊತ್ತಿದೆ.

2025ರ ನವೆಂಬರ್ 21ರಿಂದ ಜಾರಿಗೆ ಬಂದ ನಾಲ್ಕು ಕಾರ್ಮಿಕ ಸಂಹಿತೆಗಳು 1947ರ ಕೈಗಾರಿಕಾ ವಿವಾದ ಕಾಯ್ದೆ, 1948ರ ಇಎಸ್‌ಐ ಕಾಯ್ದೆ, 1951ರ ನೆಡುತೋಪು ಕಾಯ್ದೆ, 1966ರ ಬೀಡಿ ಕಾಯ್ದೆ, 1972ರ ಗ್ರಾಚ್ಯುಟಿ ಕಾಯ್ದೆಗಳೂ ಸೇರಿದಂತೆ 29 ಕಾನೂನುಗಳ ಸ್ಥಾನಕ್ಕೆ ಬಂದಿವೆ. ಕೆಲಸ ಕಡಿತಕ್ಕೆ ಸರಕಾರದ ಮುಂಗಡ ಅನುಮತಿ ಬೇಕಾಗುವ ಸಂಸ್ಥೆಗಳ ಗಾತ್ರವನ್ನು 100ರಿಂದ 300 ಕೆಲಸಗಾರರಿಗೆ ಏರಿಸಿದ್ದರ ಬಗ್ಗೆ ಚರ್ಚೆ ಸಾಕಷ್ಟಾಗಿದೆ, ಆದರೆ ಕಡಬದಲ್ಲಿ ಆ ಗಾತ್ರದ ಸಂಸ್ಥೆಗಳನ್ನು ಹುಡುಕಬೇಕು. ಈ ಪ್ರದೇಶಕ್ಕೆ ತಟ್ಟಬಹುದಾದ ಅಂಶಗಳು ಬೇರೆ. ಕಡಿತಕ್ಕೊಳಗಾದ ಪ್ರತಿ ಕಾರ್ಮಿಕನಿಗಾಗಿ ಮಾಲೀಕನು 15 ದಿನಗಳ ಸಂಬಳವನ್ನು ಮರುಕೌಶಲ ನಿಧಿಗೆ ಕಟ್ಟಬೇಕು, ಅದು 45 ದಿನಗಳೊಳಗೆ ಕಾರ್ಮಿಕನ ಖಾತೆಗೆ ಸೇರಬೇಕು. ನಿಗದಿತ ಅವಧಿಯ ಕರಾರಿನವರಿಗೆ ಗ್ರಾಚ್ಯುಟಿಗಾಗಿ ಐದು ವರ್ಷ ಕಾಯಬೇಕಾಗಿಲ್ಲ, ಇದರಿಂದ ಹನ್ನೊಂದು ತಿಂಗಳ ಹಳೆಯ ಉಪಾಯದ ಮೊನೆ ಸ್ವಲ್ಪ ಮೊಂಡಾಗಬಹುದು.

ಇವೆಲ್ಲಕ್ಕಿಂತ ಮುಖ್ಯವೆನಿಸುವುದು ಔದ್ಯೋಗಿಕ ಸುರಕ್ಷತೆಯ ಸಂಹಿತೆಯಲ್ಲಿ, ಮಾಲೀಕನ ಕರ್ತವ್ಯಗಳ ಉದ್ದನೆಯ ಪಟ್ಟಿಯ ನಡುವೆ ಬರುವ ಒಂದು ಉಪವಾಕ್ಯ: ಪ್ರತಿ ನೌಕರನಿಗೂ ನೇಮಕಾತಿ ಪತ್ರ ಕೊಡಬೇಕು. ಹಾದಿಮನಿ ಪ್ರಕರಣದಲ್ಲಿ ಕಾಣದೆ ಹೋದ ಕಾಗದ ಇದೇ ಬಗೆಯದು. ಬೀಡಿಯ ಬ್ರಾಂಚು, ರಬ್ಬರಿನ ತೋಟ, ಸುಬ್ರಹ್ಮಣ್ಯದ ವಸತಿಗೃಹಗಳಲ್ಲಿ ಈ ಉಪವಾಕ್ಯ ಅಕ್ಷರಶಃ ನಡೆದರೆ ಅರ್ಧದಷ್ಟು ವ್ಯಾಜ್ಯಗಳು ಹುಟ್ಟುವ ಮುಂಚೆಯೇ ಮುಗಿಯುತ್ತವೆ. ಆ ಸಂಹಿತೆ ಸಾಮಾನ್ಯವಾಗಿ ಅನ್ವಯವಾಗುವುದು ಹತ್ತು ಅಥವಾ ಅದಕ್ಕಿಂತ ಹೆಚ್ಚು ಕೆಲಸಗಾರರಿರುವ ಸಂಸ್ಥೆಗಳಿಗೆ. ಹೊಸಮಠದಿಂದ ಬಿಳಿನೆಲೆಯವರೆಗಿನ ತೋಟಗಳಲ್ಲಿ ಬೆಳಗ್ಗೆ ಕೆಲಸಕ್ಕೆ ನಿಲ್ಲುವವರನ್ನು ಎಣಿಸಿದರೆ ಒಂದೊಂದು ತೋಟದಲ್ಲಿ ಮೂವರೋ ನಾಲ್ವರೋ, ಕೊಯ್ಲಿನ ಕಾಲಕ್ಕೆ ಆರು ಮಂದಿಯೋ ಸಿಕ್ಕಾರು. ಅವರ ಹಾಜರಿ ಈಗಲೂ ಧಣಿಯ ಮನೆಯ ಗೋಡೆಗೆ ತೂಗುಹಾಕಿದ ಕ್ಯಾಲೆಂಡರಿನ ಚೌಕಗಳಲ್ಲಿ ಒಂದೊಂದು ಗೀಟಾಗಿ ಬೀಳುತ್ತದೆ, ಡಿಸೆಂಬರ್ ಮುಗಿದ ಮೇಲೆ ಆ ಕ್ಯಾಲೆಂಡರು ಒಲೆಗೆ ಹೋಗುತ್ತದೆ.